ಹಟವೋ, ನಂಬಿಗಸ್ತಿಕೆಯೋ?

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿನ ಪಾಠಗಳಲ್ಲಿ ಬಹಳ ಬೇಗ ಕಲಿಸುವ ಎಚ್ಚರಿಕೆಯೊಂದಿದೆ. ಇಷ್ಟು ಹಣ ಸುರಿದಾಗಿದೆ, ಇಷ್ಟು ವರ್ಷ ದುಡಿದಾಗಿದೆ ಎಂಬ ಒಂದೇ ಕಾರಣಕ್ಕೆ ಯಾವ ಕೆಲಸವನ್ನೂ ಮುಂದುವರಿಸಬಾರದು. ಅರ್ಥಶಾಸ್ತ್ರದವರು ಇದನ್ನು ಸಂಕ್ ಕಾಸ್ಟ್ ಎನ್ನುತ್ತಾರೆ, ಅಂದರೆ ಮುಳುಗಿಹೋದ ದುಡ್ಡು. ಏನು ಮಾಡಿದರೂ ಅದು ಹಿಂದಕ್ಕೆ ಬರುವುದಿಲ್ಲವಾದ್ದರಿಂದ ನಾಳೆಯ ನಿರ್ಧಾರ ಮಾಡುವಾಗ ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬುದು ಸೂತ್ರ. ಈ ಉದ್ಯೋಗದಲ್ಲಿ ಅರ್ಧಕ್ಕೆ ಮುಚ್ಚಿದ ಕೆಲಸಗಳನ್ನೂ, ಮುಚ್ಚಬೇಕಿದ್ದರೂ ಮಾನಕ್ಕಂಜಿ ಎಳೆದುಕೊಂಡು ಹೋದ ಕೆಲಸಗಳನ್ನೂ ಹತ್ತಿರದಿಂದ ನೋಡಿದ್ದೇನೆ. ಎರಡನೆಯ ಬಗೆಯದರಲ್ಲಿ ಆಗುವ ನಷ್ಟವೇ ದೊಡ್ಡದು.

ಕ್ರೈಸ್ತ ಪರಂಪರೆ ಇದಕ್ಕೆ ತದ್ವಿರುದ್ಧವೆಂದು ತೋರುವ ಮಾತನ್ನು ಹತ್ತಿರ ಹತ್ತಿರ 2000 ವರ್ಷಗಳಿಂದ ಹೇಳಿಕೊಂಡು ಬಂದಿದೆ. ದೇವರು ಮನುಷ್ಯರನ್ನು ಕರೆಯುತ್ತಾನೆ. ಆ ಕರೆಗೆ ಓಗೊಟ್ಟವರು ಸಾಯುವ ತನಕ ನಂಬಿಗಸ್ತರಾಗಿ ಉಳಿಯಬೇಕು. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಸ್ಮುರ್ನ ಪಟ್ಟಣದ ಸಭೆಗೆ ಬರೆಸಿದ ಪತ್ರದ ತಿರುಳು ಇದೇ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲ, ಸೆರೆಯಲ್ಲಿ ಸಾವನ್ನು ಎದುರು ನೋಡುತ್ತ, ತನ್ನ ಬದುಕನ್ನು ಕೊನೆ ಮುಟ್ಟಿದ ಓಟಕ್ಕೆ ಹೋಲಿಸಿಕೊಳ್ಳುತ್ತಾನೆ. ಆರು ತಿಂಗಳಿಗೊಮ್ಮೆ ಕೂತು, ಮುಂದುವರಿಸೋಣವೇ ಬೇಡವೇ ಎಂದು ಪರಿಶೀಲಿಸುವ ಅವಕಾಶ ಈ ಒಪ್ಪಂದದಲ್ಲಿ ಇದ್ದಂತೆ ಕಾಣುವುದಿಲ್ಲ.

ಹಾಗಾದರೆ ಜೀವಮಾನವಿಡೀ ಒಂದು ಕರೆಗೆ ಬದ್ಧರಾಗಿ ಉಳಿಯುವವರು ಮುಳುಗಿದ ದುಡ್ಡಿನ ಹಿಂದೆ ಹೋಗುತ್ತಿರುವವರೇ? ಹಟ ಎಲ್ಲಿ ಮುಗಿದು ನಂಬಿಗಸ್ತಿಕೆ ಎಲ್ಲಿ ಶುರುವಾಗುತ್ತದೆ? ನಾನು ಕ್ರೈಸ್ತನಲ್ಲ. ಆದರೂ ಈ ಪ್ರಶ್ನೆ ಚರ್ಚಿನ ಕಾಂಪೌಂಡಿನೊಳಗೇ ಉಳಿಯುವಂಥದ್ದು ಎಂದು ನನಗೆ ಅನ್ನಿಸುವುದಿಲ್ಲ. ಊರು ಬಿಟ್ಟು ಬಂದ ನಮ್ಮಂಥವರಿಗೆ ನಲವತ್ತು ದಾಟುತ್ತಿದ್ದ ಹಾಗೆ ಇದು ಬೇರೆ ವೇಷದಲ್ಲಿ ಎದುರಾಗುತ್ತದೆ. ಕೆಲಸ, ಸಂಸಾರ, ಸಂಘಟನೆ, ಕೊಟ್ಟ ಮಾತು, ಇವನ್ನೆಲ್ಲ ನಡೆಸಿಕೊಂಡು ಹೋಗುತ್ತಿರುವುದು ಬೇಕೆಂದೋ, ಬಿಡುವುದಕ್ಕೆ ತಡವಾಯಿತೆಂದೋ?

ಇಂಥದ್ದನ್ನು ಬರಿಯ ತರ್ಕದಲ್ಲಿ ಬಿಡಿಸುವುದಕ್ಕಿಂತ ಒಬ್ಬರ ಬದುಕನ್ನು ಮುಂದಿಟ್ಟುಕೊಂಡು ಯೋಚಿಸುವುದು ಮೇಲು. ನಾವು ಪುಣೆಯ ಕನ್ನಡಿಗರು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಕಲಬುರಗಿ, ರಾಯಚೂರು, ಬೆಂಗಳೂರಿನ ಕಡೆ ಹೊರಟಾಗ, ದೌಂಡ್ ಬರುವುದಕ್ಕೆ ಮುಂಚೆ ಕೇಡಗಾಂವ್ ಎಂಬ ಸಣ್ಣ ಸ್ಟೇಷನ್ ದಾಟುತ್ತೇವೆ. ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಸಂಸ್ಥೆ ಇರುವುದು ಅಲ್ಲಿ. ಮಹಾರಾಷ್ಟ್ರದವರೆಂದೇ ಹೆಸರಾದ ರಮಾಬಾಯಿ 1858ರಲ್ಲಿ ಹುಟ್ಟಿದ್ದು ತುಂಗೆ ಭದ್ರೆಯರ ಉಗಮವಾದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ತಾಲ್ಲೂಕಿನ ಮಾಳದವರು. ಹೆಂಗಸರಿಗೆ ಸಂಸ್ಕೃತ ಕಲಿಸಬಾರದೆನ್ನುವ ಕಾಲದಲ್ಲಿ ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸಿ, ಆಕ್ಷೇಪ ಬಂದಾಗ ಪಂಡಿತರ ಮುಂದೆ ಶಾಸ್ತ್ರಾಧಾರ ತೋರಿಸಿದವರು. ಆ ತಾಯಿಯೇ ಮುಂದೆ ರಮಾಬಾಯಿಗೆ ಗುರು.

ಆರು ತಿಂಗಳ ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿಕೊಂಡು ಬೆಟ್ಟ ಇಳಿದ ಸಂಸಾರ ಆಮೇಲೆ ಒಂದೆಡೆ ನಿಲ್ಲಲಿಲ್ಲ. ತೀರ್ಥಕ್ಷೇತ್ರಗಳಲ್ಲಿ ಪುರಾಣ ಓದುತ್ತ ದೇಶ ಸುತ್ತಿತು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣತಂಗಿಯರು 1878ರಲ್ಲಿ ಕಲ್ಕತ್ತೆ ಸೇರಿದರು. ಅಲ್ಲಿನ ವಿದ್ವಾಂಸರು ಇಪ್ಪತ್ತರ ಹರೆಯದ ರಮಾಬಾಯಿಯ ಸಂಸ್ಕೃತ ಕೇಳಿ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಬೇರೆ ಜಾತಿಯ, ಬೇರೆ ಪ್ರಾಂತ್ಯದ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ರಿಜಿಸ್ಟರ್ ಮದುವೆಯಾದರು. ಎರಡು ವರ್ಷ ತುಂಬುವುದರೊಳಗೆ ಗಂಡ ಕಾಲರಾಕ್ಕೆ ತುತ್ತಾದರು. ಕಂಕುಳಲ್ಲಿ ಮಗಳು ಮನೋರಮೆ. 1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಮರುವರ್ಷ ಇಂಗ್ಲೆಂಡಿಗೆ ಹೋದರು. 1883ರ ಸೆಪ್ಟೆಂಬರ್ 29ರಂದು ವಾಂಟೇಜ್ ಎಂಬ ಊರಿನಲ್ಲಿ ತಾಯಿ ಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು.

ಇಲ್ಲಿಗೆ ನಿಲ್ಲಿಸಿ ನೋಡಿದರೆ ಇದು ಬಿಡುವವರ ಕಥೆ. ತೀರ್ಥಯಾತ್ರೆಯ ಭಕ್ತಿಯನ್ನು ಬಿಟ್ಟರು, ಜಾತಿಯನ್ನು ಬಿಟ್ಟರು, ಹುಟ್ಟಿದ ಧರ್ಮವನ್ನೂ ಬಿಟ್ಟರು. ಪುಣೆಯಲ್ಲಿ ಆಗ ಇದನ್ನು ದ್ರೋಹವೆಂದೇ ಬಗೆದವರು ಕಡಿಮೆಯಿರಲಿಲ್ಲ. ನನಗಂತೂ ಈ ಬಿಡುವ ಶಕ್ತಿಯೇ ಮುಖ್ಯವಾಗಿ ಕಾಣುತ್ತದೆ. ಏಕೆಂದರೆ ಮುಂದಿನ 39 ವರ್ಷ ಅವರು ಒಂದನ್ನೇ ಹಿಡಿದು ನಿಂತದ್ದು ಬಿಡಲಾರದ ದುರ್ಬಲತೆಯಿಂದ ಎಂದು ಯಾರೂ ಹೇಳುವಂತಿಲ್ಲ. ಬಿಡಲು ಬಾರದವರು ಹಿಡಿದುಕೊಂಡದ್ದಕ್ಕೂ, ಬಿಡಲು ಬಲ್ಲವರು ಹಿಡಿದುಕೊಂಡದ್ದಕ್ಕೂ ಬೆಲೆ ಬೇರೆ.

ಹೊಸ ಧರ್ಮದೊಳಗೂ ಅವರು ತಲೆಬಾಗಿಸಿ ಕೂರಲಿಲ್ಲ. ವಾಂಟೇಜಿನ ಮಠದ ಸಿಸ್ಟರ್ ಜೆರಾಲ್ಡೀನ್ ಅವರಿಗೆ ತಾಯಿಯ ಹಾಗೆ ಇದ್ದವರು. ಅವರಿಗೂ, ಚೆಲ್ಟನ್‌ಹ್ಯಾಮ್ ಕಾಲೇಜಿನ ಮುಖ್ಯಸ್ಥೆ ಡೊರೊಥಿಯಾ ಬೀಲ್ ಅವರಿಗೂ ರಮಾಬಾಯಿ ಬರೆದ ಪತ್ರಗಳು ಉಳಿದಿವೆ. ತ್ರಿಯೇಕ ದೇವರ ಸಿದ್ಧಾಂತವನ್ನು ತನಗೆ ಮನವರಿಕೆಯಾಗದೆ ಒಪ್ಪುವುದಿಲ್ಲ ಎಂದು ಅವುಗಳಲ್ಲಿ ವಾದಿಸುತ್ತಾರೆ. ಇಂಗ್ಲಿಷ್ ಗಂಡಸರಿಗೆ ಹೆಂಗಸೊಬ್ಬಳು ಪಾಠ ಹೇಳಕೂಡದೆಂದು ಭಾರತದ ಬಿಷಪ್ಪರು ಅಡ್ಡಬಂದಾಗ, ನನ್ನ ದೇಶದಲ್ಲಿ ಗಂಡಸರ ಸಭೆಗಳಲ್ಲೇ ಮಾತಾಡಿ ಬಂದವಳು ನಾನು ಎಂಬ ಧಾಟಿಯಲ್ಲಿ ಪ್ರತಿಭಟಿಸುತ್ತಾರೆ. ಒಂದು ಪುರೋಹಿತಶಾಹಿಯ ನೊಗದಿಂದ ಕತ್ತು ಬಿಡಿಸಿಕೊಂಡದ್ದು ಇನ್ನೊಂದಕ್ಕೆ ಕತ್ತು ಕೊಡುವುದಕ್ಕಲ್ಲ ಎಂಬುದು ಅವರ ನಿಲುವು. ಕರೆದವನಿಗೆ ಬದ್ಧರಾಗಿರುವುದೂ, ಕರೆದವನ ಹೆಸರಿನಲ್ಲಿ ಮಾತಾಡುವವರಿಗೆ ವಿಧೇಯರಾಗಿರುವುದೂ ಒಂದೇ ಎಂದು ಅವರು ಯಾವತ್ತೂ ತಿಳಿಯಲಿಲ್ಲ. ದೀಕ್ಷೆಯಾಗಿ ಎಂಟು ವರ್ಷದ ಮೇಲೂ ತನಗೆ ಸಿಕ್ಕಿರುವುದು ಕ್ರೈಸ್ತ ಮತ, ಕ್ರಿಸ್ತ ಇನ್ನೂ ಸಿಕ್ಕಿಲ್ಲ ಎಂದು ಅನ್ನಿಸಿದ್ದನ್ನು 1907ರ ಆತ್ಮವೃತ್ತಾಂತದಲ್ಲಿ ಅವರೇ ಹೇಳಿಕೊಂಡಿದ್ದಾರೆ. ಕರೆ ಒಂದು ದಿನ ಕೇಳಿ ಮುಗಿದುಹೋಗುವ ಸದ್ದಾಗಿರಲಿಲ್ಲ.

ಇಲ್ಲಿ ನಮ್ಮ ಭಾಷೆ ಸಹಾಯಕ್ಕೆ ಬರುತ್ತದೆ. ಇಂಗ್ಲಿಷಿನ ಒಂದು ಪದಕ್ಕೆ ಕನ್ನಡದಲ್ಲಿ ಎರಡು ಪದಗಳಿವೆ: ನಿಷ್ಠೆ ಮತ್ತು ನಂಬಿಗಸ್ತಿಕೆ. ನಿಷ್ಠೆ ಎಂದರೆ ಗಟ್ಟಿಯಾಗಿ ನಿಲ್ಲುವುದು. ಅದು ನಿಂತವನ ಗುಣ. ಅಳೆಯುವುದಕ್ಕೆ ಅವನೊಬ್ಬನಿದ್ದರೆ ಸಾಕು. ಕನ್ನಡ ಬೈಬಲು ಆರಿಸಿಕೊಂಡದ್ದು ಎರಡನೆಯ ಪದವನ್ನು. ನಂಬಿಗಸ್ತ ಎಂದರೆ ಇನ್ನೊಬ್ಬರ ನಂಬಿಗೆಗೆ ತಕ್ಕವನು. ಹಳ್ಳಿಯಲ್ಲಿ ನಂಬಿಗಸ್ತ ಆಳು ಎಂದರೆ, ಬೀಗದ ಕೈ ಕೊಟ್ಟು ಪರವೂರಿಗೆ ಹೋಗಬಹುದಾದ ಆಳು. ಅವನು ನಂಬಿಗಸ್ತನೋ ಅಲ್ಲವೋ ಎಂಬುದನ್ನು ಅವನೇ ಹೇಳಿಕೊಂಡರೆ ನಡೆಯುವುದಿಲ್ಲ. ಬೀಗದ ಕೈ ಕೊಟ್ಟವರು ಹೇಳಬೇಕು. ಹಟದ ಲೆಕ್ಕವೆಲ್ಲ ನನ್ನ ಪುಸ್ತಕದಲ್ಲಿರುತ್ತದೆ: ನಾನು ಹಾಕಿದ ದುಡ್ಡು, ನಾನು ಕಳೆದ ವರ್ಷ, ನನ್ನ ಮಾನ. ನಂಬಿಗಸ್ತಿಕೆಯ ಲೆಕ್ಕ ಇನ್ನೊಬ್ಬರ ಪುಸ್ತಕದಲ್ಲಿರುತ್ತದೆ.

ವೀರಶೈವರ ಷಟ್‌ಸ್ಥಲದಲ್ಲಿಯೂ ಇದಕ್ಕೆ ಹತ್ತಿರದ ವಿವೇಕವಿದೆ. ಅಲ್ಲಿ ಮೊದಲನೆಯ ಮೆಟ್ಟಿಲು ಶ್ರದ್ಧೆ, ಎರಡನೆಯದು ನಿಷ್ಠೆ, ಮೂರನೆಯದು ಅವಧಾನ. ನಿಷ್ಠೆಯೇ ಕೊನೆಯಲ್ಲ, ಅದರ ಮುಂದಿನ ಹೆಜ್ಜೆ ಎಚ್ಚರದಿಂದ ಗಮನಿಸುವುದು. ಕಣ್ಣು ಮುಚ್ಚಿಕೊಂಡ ನಿಷ್ಠೆ ಎರಡನೆಯ ಮೆಟ್ಟಿಲಿನಲ್ಲೇ ನಿಂತುಬಿಟ್ಟ ನಿಷ್ಠೆ. ಬೇರೆ ಬೇರೆ ದಾರಿಗಳನ್ನು ಬಲವಂತವಾಗಿ ಒಂದು ಮಾಡುವ ಉದ್ದೇಶ ನನಗಿಲ್ಲ. ಆದರೆ ಎರಡೂ ಕಡೆಯವರು, ಬರಿದೆ ಗಟ್ಟಿಯಾಗಿ ನಿಲ್ಲುವುದನ್ನು ಪೂರ್ಣ ಗುಣವೆಂದು ಒಪ್ಪಿಲ್ಲ ಎಂಬುದು ಗಮನಿಸಬೇಕಾದದ್ದು.

ಈ ಅಳತೆಗೋಲು ಹಿಡಿದು ರಮಾಬಾಯಿಯ ಕೆಲಸವನ್ನು ನೋಡಿದರೆ ಹೊಗಳಿಕೆಯಷ್ಟೇ ಉಳಿಯುವುದಿಲ್ಲ. 1887ರಲ್ಲಿ ಬಾಸ್ಟನ್ನಿನಲ್ಲಿ ಅವರ ಕೆಲಸಕ್ಕೆ ಹತ್ತು ವರ್ಷ ಹಣ ಒದಗಿಸಲೆಂದು ಸಂಘವೊಂದು ಹುಟ್ಟಿತು. ಆ ಬಲದಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಮೇಲುಜಾತಿಯ ಬಾಲವಿಧವೆಯರಿಗೆ ಊಟ, ವಸತಿ, ಓದು. ಯಾರ ಧರ್ಮಕ್ಕೂ ಕೈ ಹಾಕುವುದಿಲ್ಲವೆಂಬುದು ಕರಾರು. ನ್ಯಾಯಮೂರ್ತಿ ರಾನಡೆ, ರಾ. ಗೋ. ಭಂಡಾರಕರ್ ಅವರಂಥ ಸುಧಾರಕರು ಸಲಹಾ ಮಂಡಳಿಯಲ್ಲಿದ್ದರು. ರಮಾಬಾಯಿ ಮತಬೋಧನೆ ಮಾಡುತ್ತಿರಲಿಲ್ಲ. ತಮ್ಮ ಸ್ವಂತ ಪ್ರಾರ್ಥನೆಯ ಹೊತ್ತಿಗೆ ಕೋಣೆಯ ಬಾಗಿಲು ಮುಚ್ಚುತ್ತಲೂ ಇರಲಿಲ್ಲ. ಕೆಲವು ಹುಡುಗಿಯರು ಬಂದು ಕೂರತೊಡಗಿದರು. ಕೇಸರಿ ಪತ್ರಿಕೆ ಕಟುವಾಗಿ ಟೀಕಿಸಿತು, 1893ರಲ್ಲಿ ಸಲಹಾ ಮಂಡಳಿ ರಾಜೀನಾಮೆ ಕೊಟ್ಟಿತು, ಪಾಲಕರು ಹಲವು ಹುಡುಗಿಯರನ್ನು ಬಿಡಿಸಿಕೊಂಡು ಹೋದರು.

ಕರಾರಿನ ಅಕ್ಷರವನ್ನು ಅವರು ಮೀರಲಿಲ್ಲ ಎನ್ನಬಹುದು. ಆದರೆ ನಂಬಿಗಸ್ತಿಕೆಯನ್ನು ನಂಬಿದವರ ಕಡೆಯಿಂದ ಅಳೆಯಬೇಕೆಂದು ಈಗಷ್ಟೇ ಹೇಳಿದೆನಲ್ಲ. ಆ ಕಡೆಯಿಂದ ನೋಡಿದರೆ ರಾನಡೆ, ಭಂಡಾರಕರ್ ಅವರ ನಂಬಿಗೆ ಮುರಿದದ್ದು ನಿಜ. ಅವರು ಧರ್ಮಾಂಧರಲ್ಲ, ಹೆಣ್ಣುಮಕ್ಕಳ ಓದಿಗಾಗಿ ತಮ್ಮವರಿಂದಲೇ ಬೈಗುಳ ತಿಂದವರು. ಇನ್ನೊಂದು ಕಡೆ ಆ ಬಾಗಿಲನ್ನು ಮುಚ್ಚಿದ್ದರೆ, ಬಂದು ಕೂತ ಹುಡುಗಿಯರ ನಂಬಿಗೆಯೂ ತನ್ನ ನಂಬಿಕೆಯೂ ಮುರಿಯುತ್ತಿತ್ತು. ಕರೆಗೆ ಓಗೊಟ್ಟವರು ಎಲ್ಲರಿಗೂ ಏಕಕಾಲಕ್ಕೆ ನಂಬಿಗಸ್ತರಾಗಿ ಉಳಿಯಲಾರರು. ಯಾರ ನಂಬಿಗೆ ಮುರಿದರೆ ಯಾರು ತಾಳಿಕೊಳ್ಳಬಲ್ಲರು ಎಂದು ಕೇಳಿಕೊಳ್ಳಬೇಕಾಗುತ್ತದೆ. ರಾನಡೆಯವರಿಗೆ ಬೇರೆ ವೇದಿಕೆಗಳಿದ್ದವು. ಆ ವಿಧವೆಯರಿಗೆ ಬೇರೆ ಮನೆಯಿರಲಿಲ್ಲ. ಸದನದ ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿ ಅದೇ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮರುಮದುವೆಯಾದರು ಎಂಬುದನ್ನೂ ನೆನೆಯಬೇಕು. ಮತಾಂತರವಿಲ್ಲದೆ, ಹಿಂದೂ ಸಮಾಜದೊಳಗೇ ಹೊಸ ಬದುಕು ಕಟ್ಟಿಕೊಳ್ಳಲು ಕೂಡ ಆ ಮನೆ ದಾರಿಯಾಯಿತು.

ಆಮೇಲೆ ಬರ ಬಂತು. 1896-97ರ ಕ್ಷಾಮದಲ್ಲಿ ರಮಾಬಾಯಿ ಮಧ್ಯಪ್ರಾಂತ್ಯಕ್ಕೆ ಹೋಗಿ ದಿಕ್ಕಿಲ್ಲದ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಬರದಲ್ಲಿ ಹೆತ್ತವರನ್ನು ಕಳೆದುಕೊಂಡವರಿಗೆ ಆ ಊರುಗಳಲ್ಲಿ ಏನು ಕಂಡಿರಬೇಕು ಎಂದು ಊಹಿಸಬಹುದು. ಹಣದ ಹತ್ತು ವರ್ಷದ ಗಡುವು ಮುಗಿಯುತ್ತ ಬಂದಿತ್ತು, ಪುಣೆಯಲ್ಲಿ ಪ್ಲೇಗು, ಜೊತೆಗಿದ್ದ ಗಣ್ಯರು ದೂರವಾಗಿದ್ದರು. ನನ್ನ ಉದ್ಯೋಗದ ಯಾವ ಪಟ್ಟಿ ಇಟ್ಟುಕೊಂಡು ನೋಡಿದರೂ ಕೆಲಸವನ್ನು ಕುಗ್ಗಿಸಬೇಕಾದ ಹೊತ್ತು ಅದು. ಅವರು ಹಿಗ್ಗಿಸಿದರು. ಕೇಡಗಾಂವ್‌ನ ಹೊಲದಲ್ಲಿ ಮುಕ್ತಿ ಎದ್ದಿತು. 1900ರ ಗುಜರಾತ್ ಬರದ ಹೊತ್ತಿಗೆ ಅಲ್ಲಿ ಸುಮಾರು 2000 ಜನ. ಜಾತಿಯ ಕಟ್ಟು ಹೋಗಿತ್ತು. ನೇಯ್ಗೆ, ಬೇಸಾಯ, ಎಣ್ಣೆ ಗಾಣ, ಅಚ್ಚುಕೂಟ ಎಲ್ಲ ಹೆಂಗಸರ ಕೈಯಲ್ಲಿ. ಅಮೆರಿಕದಲ್ಲಿ ಬ್ರೈಲ್ ಕಲಿತು ಬಂದ ಮನೋರಮೆ ಕುರುಡು ಹುಡುಗಿಯರಿಗೆ ಓದು ಕಲಿಸಿದರು.

ಇಲ್ಲಿ ರಮಾಬಾಯಿ ಬದಲಿಸಿದ್ದೆಷ್ಟು, ಬದಲಿಸದೆ ಉಳಿಸಿಕೊಂಡದ್ದೆಷ್ಟು ನೋಡಿ. ಊರು ಬದಲಾಯಿತು, ಹಣದ ಮೂಲ ಬದಲಾಯಿತು, ಸೇರಿಸಿಕೊಳ್ಳುವ ಜಾತಿಯ ಮಿತಿ ಹೋಯಿತು, ಸಂಸ್ಥೆಯ ಸ್ವರೂಪ ಬದಲಾಯಿತು. ಮುಕ್ತಿಯನ್ನು ಬಚ್ಚಿಡದೆ ಕ್ರೈಸ್ತ ಸಂಸ್ಥೆಯೆಂದೇ ನಡೆಸಿದರು. ಶಾರದಾ ಸದನದ ಅಡ್ಡಗೋಡೆಯ ಮೇಲಿನ ದೀಪಕ್ಕಿಂತ ಅದು ಹೆಚ್ಚು ಪ್ರಾಮಾಣಿಕ. ಬದಲಾಗದೆ ಉಳಿದದ್ದು, ಬಾಗಿಲಿಗೆ ಬಂದ ದಿಕ್ಕಿಲ್ಲದ ಹೆಣ್ಣನ್ನು ಹಿಂದಕ್ಕೆ ಕಳಿಸುವುದಿಲ್ಲ ಎಂಬ ಒಂದೇ ಮಾತು. ಹಟಮಾರಿಗಳು ಸಾಮಾನ್ಯವಾಗಿ ಇದರ ತಿರುಗು ಮುರುಗು ಮಾಡುತ್ತಾರೆ. ಪದ್ಧತಿ, ಕಟ್ಟಡ, ಹುದ್ದೆ, ಬೋರ್ಡಿನ ಮೇಲಿನ ಹೆಸರು ಎಲ್ಲವನ್ನೂ ಕಾಪಾಡಿಕೊಂಡು, ಯಾರಿಗಾಗಿ ಅದೆಲ್ಲ ಶುರುವಾಯಿತೋ ಅವರನ್ನು ಮರೆಯುತ್ತಾರೆ.

ಆಕ್ಷೇಪ ಇಲ್ಲಿಗೂ ಮುಗಿಯುವುದಿಲ್ಲ. ಹಸಿದ ಮಗುವಿಗೆ ಅನ್ನ ಕೊಟ್ಟ ಮನೆಯಲ್ಲಿ ಅದೇ ಮಗು ಆ ಮನೆಯ ದೇವರನ್ನು ಒಪ್ಪಿಕೊಂಡರೆ, ಆ ಒಪ್ಪಿಗೆ ಎಷ್ಟರ ಮಟ್ಟಿಗೆ ಸ್ವತಂತ್ರ? ಇದು ನ್ಯಾಯವಾದ ಪ್ರಶ್ನೆ. ರಮಾಬಾಯಿಯಂಥವರ ಮುಂದೆಯೂ ಅದನ್ನು ಕೇಳಬೇಕು. ವಾಂಟೇಜಿನಲ್ಲಿ ತನ್ನ ಮನಸ್ಸಾಕ್ಷಿಯ ಸ್ವಾತಂತ್ರ್ಯಕ್ಕಾಗಿ ಜಗಳವಾಡಿದವರಿಗೆ ಅದು ಅರ್ಥವಾಗದ ಪ್ರಶ್ನೆಯೂ ಅಲ್ಲ. ಇದಕ್ಕೆ ಪೂರ್ತಿ ಸಮಾಧಾನದ ಉತ್ತರ ನನಗೆ ಹೊಳೆದಿಲ್ಲ. ಆದರೆ ಕೊನೆಯ ತನಕ ಕರೆಗೆ ನಿಂತವರ ಬದುಕು ಕಲೆಯಿಲ್ಲದ್ದಾಗಿರಬೇಕು ಎಂಬ ನಿರೀಕ್ಷೆಯೂ ಸರಿಯಲ್ಲ. ನಂಬಿಗಸ್ತಿಕೆ ಬೇರೆ, ತಪ್ಪೇ ಮಾಡದಿರುವುದು ಬೇರೆ.

ಹೊಸ ಒಡಂಬಡಿಕೆಯಲ್ಲೇ ಇದಕ್ಕೆ ಒಳ್ಳೆಯ ನಿದರ್ಶನವಿದೆ. ಮಾರ್ಕನೆಂಬ ಯುವಕ ಪೌಲನ ಮೊದಲ ಪ್ರಯಾಣದಲ್ಲಿ ಅರ್ಧದಾರಿಗೇ ಕೈಬಿಟ್ಟು ಜೆರೂಸಲೇಮಿಗೆ ಹಿಂದಿರುಗಿದ. ಮುಂದಿನ ಸಲ ಅವನನ್ನು ಕರೆದೊಯ್ಯಲು ಪೌಲ ಒಪ್ಪಲಿಲ್ಲ. ಆ ಜಗಳದಲ್ಲಿ ಪೌಲ, ಬಾರ್ನಬರೇ ಬೇರೆಯಾದರು. ಮೇಲೆ ಹೇಳಿದ, ಸೆರೆಯಿಂದ ಬರೆದ ಪತ್ರದ ಕೊನೆಯಲ್ಲಿ ಎರಡು ಹೆಸರು ಬರುತ್ತವೆ. ಬಹುಕಾಲ ಜೊತೆಗಿದ್ದ ದೇಮ ಬಿಟ್ಟು ಹೋದನೆಂಬ ನೋವು ಒಂದು. ಮಾರ್ಕನನ್ನು ಕರೆದುಕೊಂಡು ಬಾ, ಅವನಿಂದ ನನಗೆ ಉಪಯೋಗವಿದೆ ಎಂಬ ಬೇಡಿಕೆ ಇನ್ನೊಂದು. ಕೊನೆಯ ತನಕ ಎನ್ನುವುದು ಒಂದು ದಿನವೂ ತಪ್ಪದ ಹಾಜರಿ ಪುಸ್ತಕವಾಗಿದ್ದರೆ ಮಾರ್ಕನ ಹೆಸರು ಅಲ್ಲಿ ಬರುತ್ತಲೇ ಇರಲಿಲ್ಲ. ನಡುವೆ ಮುರಿದದ್ದನ್ನು ಮತ್ತೆ ಕೂಡಿಸಿಕೊಳ್ಳುವ ಅವಕಾಶವನ್ನು ಆ ಪರಂಪರೆ ಕೊನೆಯ ದಿನದವರೆಗೂ ತೆರೆದಿಟ್ಟಿದೆ.

ರಮಾಬಾಯಿಯ ಕೊನೆಯ ವರ್ಷಗಳು ಸುಲಭದವಾಗಿರಲಿಲ್ಲ. ಮೊದಲೇ ಮಂದವಾಗಿದ್ದ ಕಿವಿ ಇನ್ನಷ್ಟು ಮಂದವಾಗಿತ್ತು. ಬೈಬಲನ್ನು ಮೂಲದ ಹೀಬ್ರೂ ಮತ್ತು ಗ್ರೀಕಿನಿಂದ ಮರಾಠಿಗೆ ತರುವ ಕೆಲಸಕ್ಕೆ ನಡುವಯಸ್ಸು ದಾಟಿದ ಮೇಲೆ ಆ ಭಾಷೆಗಳನ್ನು ಕಲಿತು ಕೂತಿದ್ದರು. ಆಗಲೇ ಮರಾಠಿ ಬೈಬಲು ಇತ್ತು. ಆದರೆ ಅದರ ಸಂಸ್ಕೃತಮಯ ಮರಾಠಿ ಮುಕ್ತಿಯ ಹಳ್ಳಿ ಹೆಂಗಸರಿಗೆ ಎಟುಕದು ಎಂದು ಅವರ ಅಭಿಪ್ರಾಯ. ಸಂಸ್ಕೃತ ಪಾಂಡಿತ್ಯಕ್ಕೆ ಸರಸ್ವತಿ ಎನ್ನಿಸಿಕೊಂಡವರು, ಅಕ್ಷರ ಈಗಷ್ಟೇ ಕಲಿತವಳಿಗಾಗಿ ತಮ್ಮ ಸಂಸ್ಕೃತವನ್ನೇ ಪದಪದವಾಗಿ ಕಳಚಿಡುತ್ತ ಹದಿನೈದಕ್ಕೂ ಹೆಚ್ಚು ವರ್ಷ ಕಳೆದರು. ಮುಳುಗಿದ ದುಡ್ಡಿನ ಲೆಕ್ಕದಲ್ಲಿ ಅವರ ಬಾಳಿನ ದೊಡ್ಡ ಬಂಡವಾಳವೆಂದರೆ ಆ ಪಾಂಡಿತ್ಯವೇ. ಅದನ್ನು ಕಾಪಾಡಿಕೊಳ್ಳುವ ಆಸೆ ಅವರಲ್ಲಿ ಕಾಣಲಿಲ್ಲ.

1921ರ ಜುಲೈಯಲ್ಲಿ ಮನೋರಮೆ ತೀರಿಕೊಂಡರು. ವಯಸ್ಸು 40. ತಾಯಿಯ ಎಲ್ಲ ಕೆಲಸದಲ್ಲೂ ಹೆಗಲು ಕೊಟ್ಟವರು. 1912ರಲ್ಲಿ ಕಲಬುರಗಿಯಲ್ಲಿ ತಾಯಿ ಶುರುಮಾಡಿದ ಶಾಲೆಯನ್ನು ನಡೆಸಿದವರೂ ಅವರೇ. ಸಂಸ್ಥೆಯನ್ನು ಮುಂದೆ ನಡೆಸುವವಳು ಎಂದು ಎಲ್ಲರೂ ನೋಡುತ್ತಿದ್ದುದು ಆಕೆಯನ್ನು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಈಗ ಮಗಳು. ಇನ್ನು ಯಾರಿಗಾಗಿ ಎಂದು ಕೇಳಿಕೊಂಡು ಕೈಚೆಲ್ಲಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ ಅವರ ಲೆಕ್ಕದಲ್ಲಿ ಯಾರಿಗಾಗಿ ಎಂಬುದಕ್ಕೆ ಉತ್ತರ ಮನೆಯೊಳಗೆ ಮುಗಿದಿರಲಿಲ್ಲ. ಅನುವಾದದ ಕರಡು ತಿದ್ದುವ ಕೆಲಸ ಕೊನೆಯ ದಿನಗಳವರೆಗೂ ನಡೆಯಿತು. 1922ರ ಏಪ್ರಿಲ್ 5ರಂದು, 64 ತುಂಬುವುದಕ್ಕೆ ಕೆಲವೇ ದಿನಗಳಿರುವಾಗ, ನಿದ್ದೆಯಲ್ಲಿ ಪ್ರಾಣ ಬಿಟ್ಟರು.

ಹಾಗಾಗಿ ಹಟವೋ ನಂಬಿಗಸ್ತಿಕೆಯೋ ಎಂದು ಗೊತ್ತಾಗದಿದ್ದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ, ಇಲ್ಲಿಯವರೆಗೆ ನಾನೆಷ್ಟು ಸುರಿದಿದ್ದೇನೆ ಎಂಬುದಲ್ಲ ಎಂದು ನನಗೆ ತೋರುತ್ತದೆ. ನಾನು ನಾಳೆ ಬರದಿದ್ದರೆ ಬಾಗಿಲಲ್ಲಿ ಕಾಯುವವರು ಯಾರಾದರೂ ಇದ್ದಾರೆಯೇ? ಅವರಿಗೆ ಇಂದು ಬೇಕಾದದ್ದನ್ನೇ ನಾನು ಕೊಡುತ್ತಿದ್ದೇನೆಯೇ, ನಾನು ಕೊಟ್ಟು ರೂಢಿಯಾದದ್ದನ್ನೋ? ಕಾಯುವವರು ಯಾರೂ ಇಲ್ಲದ ಕಡೆ, ಎಷ್ಟು ವರ್ಷದ್ದಾದರೂ ಸರಿ, ಮುಚ್ಚಿ ಎದ್ದು ಬರಬಹುದು. ಅದು ದ್ರೋಹವಾಗುವುದಿಲ್ಲ. ಕಾಯುವವರಿದ್ದರೆ, ಲೆಕ್ಕ ಎಷ್ಟೇ ನಷ್ಟ ತೋರಿಸಿದರೂ, ಅಲ್ಲಿ ಉಳಿದವರನ್ನು ದಡ್ಡರೆನ್ನುವ ಹಕ್ಕು ನನ್ನಂಥ ಲೆಕ್ಕದವರಿಗಿಲ್ಲ. ಕ್ರಿಸ್ತನನ್ನು ನಂಬುವವರು ಬಾಗಿಲಲ್ಲಿ ನಿಂತವಳಲ್ಲಿ ಕರೆದವನನ್ನೇ ಕಾಣುತ್ತಾರೆ. ಹಾಗೆ ನಂಬದ ನನಗೆ ಆ ಹೆಣ್ಣಾದರೂ ಕಾಣಬೇಕು.

ರಮಾಬಾಯಿಯ ಅನುವಾದ ಮರಾಠಿ ಚರ್ಚುಗಳ ದಿನಬಳಕೆಯ ಬೈಬಲು ಆಗಲಿಲ್ಲ. ಆ ಜಾಗ ಬೇರೆ ಅನುವಾದಕ್ಕೆ ಹೋಯಿತು. ಮುಕ್ತಿ ಮಾತ್ರ ಶತಮಾನ ದಾಟಿ ಇಂದಿಗೂ ನಡೆದಿದೆ. ಯಾವುದು ಉಳಿಯುತ್ತದೆ ಎಂಬುದನ್ನು ಮೊದಲೇ ತಿಳಿದು ಆರಿಸಿಕೊಳ್ಳುವ ಸೌಲಭ್ಯ ಯಾರಿಗೂ ಇಲ್ಲ. ಇಡೀ ಬೈಬಲು ಅಚ್ಚಾಗಿ ಹೊರಬಂದದ್ದು 1924ರಲ್ಲಿ, ಅವರು ಹೋಗಿ ಎರಡು ವರ್ಷದ ಮೇಲೆ, ಮುಕ್ತಿಯ ಅಚ್ಚುಕೂಟದಲ್ಲೇ. ಅಲ್ಲಿ ಮೊಳೆ ಜೋಡಿಸಿದ್ದು, ಹಾಳೆ ಮಡಿಸಿದ್ದು, ಹೊಲಿದದ್ದು ಅವರು ಓದು ಕಲಿಸಿದ ಹೆಂಗಸರು.